ಜುಟ್ಟಿಗೆ 400 ಲ್ಯೂಮೆನ್ ಮಲ್ಲಿಗೆ

ಚಾರಣಕ್ಕೆ ಹೋಗುವವರ ಹೆಡ್‌ಲ್ಯಾಂಪ್ ಡಬ್ಬಿಯ ಮೇಲೆ ಎರಡು ಅಂಕಿಗಳು ದಪ್ಪಕ್ಷರದಲ್ಲಿ ಕೂತಿರುತ್ತವೆ ನೋಡಿ ಮೇಷ್ಟ್ರೇ. ಒಂದು ಬೆಳಕಿನದು, ಇನ್ನೊಂದು ಗಂಟೆಯದು. ಒಂದು ಮೂಲೆಯಲ್ಲಿ 400 ಲ್ಯೂಮೆನ್ ಅಂತ, ಇನ್ನೊಂದು ಮೂಲೆಯಲ್ಲಿ 45 ಗಂಟೆ ಅಂತ. ಎರಡೂ ನಿಜವೇ. ಆದರೆ ಒಂದು ಬಂದಾಗ ಇನ್ನೊಂದು ಮನೇಲಿರೋಲ್ಲ. 400 ಲ್ಯೂಮೆನ್ ಉರಿಯುವಾಗ ಗಂಟೆಯ ಮಾತೇ ಇಲ್ಲ, ಬರೀ ನಿಮಿಷ. 45 ಗಂಟೆ ಉರಿಯುವಾಗ ಬೆಳಕು ಟೆಂಟಿನೊಳಗೆ ಕಾಲುಚೀಲ ಹುಡುಕುವುದಕ್ಕಷ್ಟೇ ಸಾಲುತ್ತೆ. ಇದು ನಿಮಗೂ ಗೊತ್ತು, ನನಗೂ ಗೊತ್ತು, ಅಂಗಡಿ ಹುಡುಗನಿಗಂತೂ ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಕೊಳ್ಳುವಾಗ ದೊಡ್ಡ ಅಂಕಿಗೇ ಕೈ ಹಾಕ್ತೀವಿ, ಅಲ್ವಾ?

ಅದಕ್ಕೇ ನಾನು ಹೊಸ ದೀಪ ಮನೆಗೆ ಬಂದರೆ ಮೊದಲು ಬೆಟ್ಟಕ್ಕೆ ಒಯ್ಯೋದಿಲ್ಲ, ಬಚ್ಚಲುಮನೆಗೆ ಒಯ್ಯೋದು. ನಗಬೇಡಿ. ಇಡೀ ಮನೆಯಲ್ಲಿ ಬೀದಿದೀಪದ ಬೆಳಕು ನುಗ್ಗದ, ಬೆಳ್ಳಗೆ ಸುಣ್ಣ ಹೊಡೆದ ಸೂರು ಇರುವ ಸಣ್ಣ ಕೋಣೆ ಅದೊಂದೇ. ದೀಪವನ್ನು ಪೂರ್ತಿ ಚಾರ್ಜ್ ಮಾಡಿ, ಸ್ಟೀಲ್ ಲೋಟದೊಳಗೆ ಮುಖ ಮೇಲೆ ಮಾಡಿ ನಿಲ್ಲಿಸೋದು. ಬಕೆಟ್ ಬೋರಲು ಹಾಕಿ ಅದರ ಮೇಲೆ ಮೊಬೈಲ್ ಅಂಗಾತ ಇಡೋದು. ಮೊಬೈಲಿನ ಮುಂದಿನ ಕ್ಯಾಮೆರಾ ಪಕ್ಕದಲ್ಲಿ ಬೆಳಕು ಅಳೆಯುವ ಸಣ್ಣದೊಂದು ಕಣ್ಣು ಇರುತ್ತಲ್ಲ, ನಾವು ಬಿಸಿಲಿಗೆ ಹೋದಾಗ ಪರದೆಯ ಬೆಳಕನ್ನು ತಾನೇ ಜಾಸ್ತಿ ಮಾಡೋದು, ಅದೇ. ಅದು ಹೇಳುವ ಲಕ್ಸ್ ಲೆಕ್ಕವನ್ನು ತೋರಿಸೋ ಆ್ಯಪ್‌ಗಳು ಬೇಕಾದಷ್ಟಿವೆ. ಆಮೇಲೆ ಬಾಗಿಲು ಹಾಕಿಕೊಂಡು ಬಂದುಬಿಡೋದು. ಉಳಿದದ್ದನ್ನು ಮೊಬೈಲೇ ಬರೆದುಕೊಳ್ಳುತ್ತೆ.

ನೇರವಾಗಿ ಮೊಬೈಲ್ ಮೇಲೇ ಬೆಳಕು ಬಿಟ್ಟರೆ ಆಗೋಲ್ವಾ ಅಂತ ಕೇಳಬಹುದು. ಆಗುತ್ತೆ, ಆದರೆ ಬೆಳಕಿನ ನಡುಮಧ್ಯ ಇರುತ್ತಲ್ಲ, ಅಲ್ಲಿ ಪ್ರಖರತೆ ಬಹಳ. ಅರ್ಧ ಬೆರಳು ಆಚೀಚೆ ಆದರೂ ಅಂಕಿ ತಲೆಕೆಳಗಾಗುತ್ತೆ. ಸೂರಿಗೆ ಬಿಟ್ಟರೆ ಅಲ್ಲಿ ಬಡಿದು ಎಲ್ಲ ಕಡೆ ಚೆಲ್ಲಿ ಹದವಾಗಿ ಬರುತ್ತೆ. ಬಂದ ಅಂಕಿ ಲ್ಯೂಮೆನ್ ಅಲ್ಲ, ಅದು ನಮ್ಮ ಬಚ್ಚಲಿನ ಸ್ವಂತ ಲೆಕ್ಕ. ಪರವಾಗಿಲ್ಲ, ಶುರುವಿನ ಅಂಕಿಯನ್ನು ನೂರು ಅಂತ ಇಟ್ಟುಕೊಂಡರೆ ಆಮೇಲೆ ಎಷ್ಟಕ್ಕೆ ಇಳಿಯಿತು ಅನ್ನೋದು ಗೊತ್ತಾಗುತ್ತಲ್ಲ, ನಮಗೆ ಬೇಕಾದ್ದು ಅಷ್ಟೇ.

ಇದರಲ್ಲೊಂದು ತಮಾಷೆ ಕೇಳಿ. ಬೆಳಗ್ಗೆ ಎದ್ದು ಗ್ರಾಫ್ ನೋಡ್ತೀನಿ, ನೆಟ್ಟಗೆ ಹೋಗ್ತಿದ್ದ ಗೆರೆ ನಡುರಾತ್ರಿ ಧಡಕ್ಕನೆ ಕೆಳಗೆ ಬಿದ್ದು ಮತ್ತೆ ಎದ್ದಿದೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಬ್ಯಾಟರಿ ಹೀಗೆ ಬಿದ್ದು ಏಳೋದು ಉಂಟಾ? ಮಾರನೆಯ ರಾತ್ರಿ ಕಾದು ಇಣುಕಿದರೆ, ಹಲ್ಲಿ! ಸೂರಿನ ಬೆಳಕಿಗೆ ಹುಳ ಬರುತ್ತೆ, ಹುಳಕ್ಕೆ ಹಲ್ಲಿ ಬರುತ್ತೆ. ನಡುವೆ ಲೋಟದ ಬಾಯಿಗೇ ಬಂದು ಕೂತು, ದೀಪದ ಗಾಜಿಗೆ ಅಡ್ಡ ಹೊಟ್ಟೆಯಿಟ್ಟು ಬೆಚ್ಚಗೆ ಕಾಯಿಸಿಕೊಳ್ತಿತ್ತು. ಅದರ ನೆರಳು ಸೂರಿನ ಮೇಲೆ ಮೊಸಳೆಯಷ್ಟು ಉದ್ದಕ್ಕೆ ಬಿದ್ದಿತ್ತು. ಓಡಿಸೋಕೆ ಮನಸ್ಸೇ ಬರಲಿಲ್ಲ. ಆ ಗ್ರಾಫ್ ಇನ್ನೂ ಇಟ್ಟುಕೊಂಡಿದ್ದೀನಿ, ಎರಡು ಗುಂಡಿಗಳ ಪಕ್ಕ ಪೆನ್ಸಿಲಿನಲ್ಲಿ ‘ಹಲ್ಲಿ’ ಅಂತ ಬರೆದು.

ಮನೆಯವರ ಪಾಡು ಬೇರೆ. ರಾತ್ರಿ ಎದ್ದು ಬಚ್ಚಲ ಕದ ತಳ್ಳಿದರೆ ಒಳಗಿಂದ ಕಣ್ಣು ಕುಕ್ಕುವ ಬೆಳಕು. ‘ನಿನ್ನ ಬೆಟ್ಟ ಹತ್ತೋ ಚಟಕ್ಕೆ ನಾನು ಬಚ್ಚಲಿಗೂ ಗತಿಯಿಲ್ಲದವನಾದೆ’ ಅಂತ ಅವರ ತಕರಾರು. ಈಗ ಪ್ರಯೋಗಶಾಲೆ ಉಗ್ರಾಣಕ್ಕೆ ವರ್ಗ ಆಗಿದೆ. ಉಪ್ಪಿನಕಾಯಿ ಜಾಡಿ, ಹಪ್ಪಳದ ಡಬ್ಬಗಳ ನಡುವೆ ಲೋಟ. ಅಲ್ಲಿ ಹಲ್ಲಿ ಕಾಟ ಕಡಿಮೆ, ಇರುವೆ ಕಾಟ ಜಾಸ್ತಿ, ಆದರೆ ಇರುವೆಗೆ ದೀಪದ ಮೇಲೆ ಆಸಕ್ತಿ ಇಲ್ಲ.

ಈ ಪರೀಕ್ಷೆಯ ಹುಚ್ಚು ನನಗೆ ದೊಡ್ಡಪ್ಪನಿಂದ ಬಂದದ್ದು ಅನ್ನಿಸುತ್ತೆ. ಊರಲ್ಲಿ ದೊಡ್ಡಪ್ಪನದ್ದೊಂದು ಮೂರು ಸೆಲ್ಲಿನ ಬ್ಯಾಟ್ರಿ ಇತ್ತು. ನಿಮ್ಮನೇಲೂ ಇದ್ದೇ ಇರುತ್ತೆ ಬಿಡಿ, ಆ ಕಾಲದಲ್ಲಿ ಯಾರ ಮನೇಲಿರಲಿಲ್ಲ? ಎವರೆಡಿ ಕೆಂಪು ಸೆಲ್, ಮೈಮೇಲೆ 9ರ ಅಂಕಿಯೊಳಗಿಂದ ನೆಗೆಯೋ ಬೆಕ್ಕು. ಬೆಳಕು ಹಳದಿಯಾಯಿತೋ, ಮಾರನೆಯ ದಿನ ಜಗಲಿಯಲ್ಲಿ ಸೆಲ್‌ಗಳು ಅಡಿಕೆ ಪಕ್ಕದಲ್ಲಿ ಬಿಸಿಲು ಕಾಯಿಸುತ್ತಾ ಮಲಗಿರ್ತಿದ್ದವು. ಸಂಜೆ ಹಾಕಿದರೆ ಮತ್ತೆ ಸ್ವಲ್ಪ ಜೀವ. ನಾವೆಲ್ಲ ಬಿಸಿಲೇ ಸೆಲ್ಲಿನೊಳಗೆ ಹೋಗಿ ಕೂರುತ್ತೆ ಅಂತ ತಿಳಿದಿದ್ದೆವು. ಅದಲ್ಲವಂತೆ. ಆ ಜಾತಿಯ ಸೆಲ್ಲಿಗೆ ವಿಶ್ರಾಂತಿ ಕೊಟ್ಟರೆ ಒಳಗೆ ಕಟ್ಟಿಕೊಂಡದ್ದು ಸ್ವಲ್ಪ ತಿಳಿಯಾಗುತ್ತೆ, ಬಿಸಿ ತಾಗಿದರೆ ರಾಸಾಯನಿಕ ಕ್ರಿಯೆ ಚುರುಕಾಗುತ್ತೆ. ಹೊಸ ಶಕ್ತಿಯೇನೂ ಬರೋಲ್ಲ, ಉಳಿದದ್ದನ್ನು ಕೆರೆದು ಬಳಿದು ತೆಗೆಯೋದು.

ಬಿಸಿಲಿಗೂ ಬಗ್ಗದ ಸೆಲ್ ರೇಡಿಯೋಗೆ ಹೋಗ್ತಿತ್ತು. ಪ್ರದೇಶ ಸಮಾಚಾರ ಕೇಳೋವಷ್ಟು ದಿನ ಕೇಳಿ, ಅಲ್ಲೂ ಗೊರಗೊರ ಶುರುವಾದರೆ ಗೋಡೆ ಗಡಿಯಾರಕ್ಕೆ. ಗಡಿಯಾರ ಮಾತ್ರ ಆ ಸತ್ತ ಸೆಲ್ಲಿನಲ್ಲೇ ತಿಂಗಳುಗಟ್ಟಲೆ ನಡೀತಿತ್ತು! ಹೀರುವವರು ಮೆಲ್ಲಗೆ ಹೀರಿದರೆ ಸೆಲ್ ಬಹಳ ಕಾಲ ಕೊಡುತ್ತೆ, ಗಬಗಬ ಹೀರಿದರೆ ಬೇಗ ಕೈ ಎತ್ತುತ್ತೆ ಅನ್ನೋದು ಆ ಮನೆಯಲ್ಲಿ ಯಾರೂ ಪಾಠ ಮಾಡದೇ ಎಲ್ಲರಿಗೂ ಗೊತ್ತಿತ್ತು. ಹೆಡ್‌ಲ್ಯಾಂಪಿನ ಗುಟ್ಟೂ ಅಷ್ಟೇ ತಾನೇ?

ದೊಡ್ಡಪ್ಪ ಹೊಸ ಬ್ಯಾಟ್ರಿ ಕೊಳ್ಳುವಾಗ ಮಾಡ್ತಿದ್ದ ಪರೀಕ್ಷೆ ಎರಡು. ಅಂಗಡಿಯಲ್ಲೇ ಅಂಗೈಗೆ ಒತ್ತಿಕೊಂಡು ಹೊತ್ತಿಸೋದು. ಬೆರಳ ಸಂದು ಕೆಂಪಗೆ ಬೆಳಗಿದರೆ ಪಾಸು. ಆಮೇಲೆ ಕತ್ತಲಾದ ಮೇಲೆ ಅಂಗಳದಲ್ಲಿ ನಿಂತು ತೆಂಗಿನಮರದ ತುದಿಗೆ ಬಿಡೋದು. ಕಾಯಿ ಎಣಿಸೋಕಾದರೆ ಫಸ್ಟ್ ಕ್ಲಾಸು. ನೀವು ನಗ್ತೀರಿ, ಆದರೆ ಇವತ್ತು ಅಮೆರಿಕದವರು ಮಾಡ್ಕೊಂಡಿರೋ ಮಾನದಂಡದಲ್ಲೂ ಇರೋದು ಹೆಚ್ಚುಕಡಿಮೆ ಇದೇ ಕಾಯಿ ಎಣಿಸೋ ಲೆಕ್ಕ.

ಎಫ್‌ಎಲ್1 ಅಂತ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಇರುತ್ತಲ್ಲ, ಅದು. 2009ರಲ್ಲಿ ಬಂದದ್ದು, 2016ರಲ್ಲೂ 2019ರಲ್ಲೂ ತಿದ್ದಿದರು. ಅದಕ್ಕೆ ಮುಂಚೆ ಒಬ್ಬೊಬ್ಬ ತಯಾರಕನದು ಒಂದೊಂದು ಅಳತೆಗೋಲು, ಬಾಯಿಗೆ ಬಂದದ್ದೇ ಮೀಟರು. ಈ ಮಾನದಂಡದ ಪ್ರಕಾರ ಬೆಳಕು ಎಷ್ಟು ದೂರ ಹೋಗುತ್ತೆ ಅಂದರೆ, ಅದು 0.25 ಲಕ್ಸ್‌ಗೆ ಇಳಿಯುವಷ್ಟು ದೂರ. 0.25 ಲಕ್ಸ್ ಅಂದರೆ ಮೋಡವಿಲ್ಲದ ಹುಣ್ಣಿಮೆ ರಾತ್ರಿಯ ಬೆಳದಿಂಗಳು, ಸುಮಾರಾಗಿ. ಬೆಳದಿಂಗಳಲ್ಲಿ ತೆಂಗಿನಮರ ಕಾಣುತ್ತೆ, ಒಪ್ಪಿದೆ. ದಾರಿಯಲ್ಲಿ ಬಿದ್ದಿರೋದು ಬಳ್ಳಿಯೋ ಹಾವೋ ಅಂತ ಹೇಳೋಕಾಗುತ್ತಾ?

ನೀವು ಗಣಿತ ಹೇಳಿದವರು, ಇದು ನಿಮಗೆ ಇಷ್ಟ ಆಗುತ್ತೆ. ಡಬ್ಬಿಯ ಮೇಲೆ 64 ಮೀಟರ್ ಅಂತ ಇದೆ ಅಂದ್ಕೊಳ್ಳಿ. ಅದರ ಅರ್ಧ 32, ಅದರ ವರ್ಗ 1024. ದೀಪದ ನಡುಮಧ್ಯದ ಪ್ರಖರತೆ ಅಷ್ಟು ಕ್ಯಾಂಡೆಲಾ ಇರಬೇಕು ಅಂತಾಯ್ತು. ಇದನ್ನು ನೋಡೋಕೆ 64 ಮೀಟರ್ ಓಡಬೇಕಾಗಿಲ್ಲ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗೋದರಿಂದ ನಾಲ್ಕು ಮೀಟರಿಗೆ 1024ನ್ನು 16ರಿಂದ ಭಾಗಿಸಿದರೆ 64 ಲಕ್ಸ್. ನಮ್ಮ ಹಾಲಿನ ಗೋಡೆಯಿಂದ ಗೋಡೆಗೆ ಅಷ್ಟೇ ದೂರ. ಟೇಪು ಹಿಡಿದು, ಮೊಬೈಲ್ ಗೋಡೆಗೆ ಒರಗಿಸಿ, ದೀಪಗಳನ್ನೆಲ್ಲ ಆರಿಸಿ ನೋಡಿದರೆ ಡಬ್ಬಿಯವರ ಮಾತಿನಲ್ಲಿ ಹುರುಳಿದೆಯೋ ಇಲ್ಲವೋ ತಿಳಿಯುತ್ತೆ. ಮೊಬೈಲಿನ ಕಣ್ಣು ಪಕ್ಕಾ ಅಲ್ಲ, ಒಂದೊಂದು ಮೊಬೈಲಿನದ್ದು ಒಂದೊಂದು ಹೇಳುತ್ತೆ. ಆದರೂ 64 ಇರಬೇಕಾದಲ್ಲಿ 20 ಬಂದರೆ ಅನುಮಾನ ಪಡಬಹುದಲ್ಲ.

ಇನ್ನು ಗಂಟೆ ಲೆಕ್ಕ. ಅದು ಇನ್ನೂ ಸ್ವಾರಸ್ಯ. ದೀಪ ಹೊತ್ತಿಸಿ 30 ಸೆಕೆಂಡ್ ಆದ ಮೇಲಿನ ಬೆಳಕೇ ಶುರುವಿನ ಬೆಳಕು. ಅಲ್ಲಿಂದ ಅದು ಹತ್ತನೇ ಒಂದಕ್ಕೆ ಇಳಿಯುವವರೆಗೂ ದೀಪ ‘ಉರೀತಿದೆ’ ಅಂತಲೇ ಲೆಕ್ಕ. ಅಂದರೆ 400 ಲ್ಯೂಮೆನ್ನಿನಲ್ಲಿ ಶುರುವಾದ ದೀಪ ಐದಾರು ನಿಮಿಷಕ್ಕೇ 50ಕ್ಕೆ ಬಂದು, ಅಲ್ಲೇ ತೂಕಡಿಸುತ್ತಾ ಐದು ತಾಸು ಕಳೆದರೂ ಡಬ್ಬಿಯ ಮೇಲೆ 400 ಲ್ಯೂಮೆನ್ನಿನ ಎದುರಿಗೆ ಐದು ತಾಸು ಅಂತ ಅಚ್ಚು ಹಾಕಬಹುದು. ಯಾರೂ ಕೇಳೋ ಹಾಗಿಲ್ಲ. ಸುಳ್ಳು ಹೇಳದೇ ಎಷ್ಟು ದೂರ ಹೋಗಬಹುದು ನೋಡಿ!

ಲೆಕ್ಕ ಹಾಕಿದರೆ ಹಾಗೆ ಆಗಲೇಬೇಕು. ಬೆಲ್ಟೂ ಸೇರಿ 50 ಗ್ರಾಂ ಒಳಗಿರೋ ದೀಪದೊಳಗೆ ಎಷ್ಟು ದೊಡ್ಡ ಬ್ಯಾಟರಿ ಕೂರುತ್ತೆ? 650 ಮಿಲಿಆಂಪಿಯರ್ ಅವರ್ ಆಸುಪಾಸು. ನಮ್ಮ ಮೊಬೈಲಿನೊಳಗಿರೋದರ ಏಳೆಂಟರಲ್ಲಿ ಒಂದು ಪಾಲು. ಲಿಥಿಯಂ ಸೆಲ್ಲಿನ 3.7 ವೋಲ್ಟಿಗೆ ಗುಣಿಸಿದರೆ ಸುಮಾರು 2.4 ವಾಟ್ ಅವರ್. ಈಗಿನ ಒಳ್ಳೆಯ ಎಲ್‌ಇಡಿ, ಒಳಗಿನ ಖರ್ಚೆಲ್ಲ ಕಳೆದು, ಒಂದು ವಾಟಿಗೆ ನೂರು ನೂರಿಪ್ಪತ್ತು ಲ್ಯೂಮೆನ್ ಕೊಟ್ಟರೆ ದೊಡ್ಡದು. 400 ಲ್ಯೂಮೆನ್ನಿಗೆ ಮೂರೂವರೆ ನಾಲ್ಕು ವಾಟ್ ಬೇಕು. ಭಾಗಿಸಿ ನೋಡಿ, ಮುಕ್ಕಾಲು ಗಂಟೆಗೂ ಸಾಲದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗೆ. ಮಲ್ಲಿಗೆ ಮುಡಿಯೋದು ತಲೆಗೇ, ಈ ದೀಪ ಕಟ್ಟೋದೂ ತಲೆಗೇ, ಗಾದೆ ಮಾಡಿದವರು ಮುಂದಾಲೋಚನೆ ಉಳ್ಳವರು.

ಬ್ಯಾಟರಿ ಇದ್ದರೂ 400ರಲ್ಲೇ ನಿಲ್ಲೋಲ್ಲ, ಇನ್ನೊಂದು ಕಾರಣಕ್ಕೆ. ಬಿಸಿ. ಅಷ್ಟು ಪುಟಾಣಿ ಪ್ಲಾಸ್ಟಿಕ್ ಡಬ್ಬಿಗೆ ಮೂರು ನಾಲ್ಕು ವಾಟಿನ ದೀಪದ ಬಿಸಿಯನ್ನು ಹೊರಹಾಕೋ ತಾಕತ್ತಿಲ್ಲ. ಸುಟ್ಟುಹೋಗೋ ಬದಲು ತಾನೇ ತಗ್ಗುತ್ತೆ. ಇದರಲ್ಲೂ ನಮ್ಮ ಉಗ್ರಾಣದ ಫಲಿತಾಂಶಕ್ಕೂ ಬೆಟ್ಟದ ಫಲಿತಾಂಶಕ್ಕೂ ವ್ಯತ್ಯಾಸ. ಕಿಟಕಿಯಿಲ್ಲದ ಉಗ್ರಾಣದಲ್ಲಿ ಬೇಗ ತಗ್ಗುತ್ತೆ, ಬೆಟ್ಟದ ನೆತ್ತಿಯ ಗಾಳಿಗೆ ಇನ್ನಷ್ಟು ಹೊತ್ತು ತಡೆದುಕೊಳ್ಳುತ್ತೆ. ಅದಕ್ಕೇ ಈಗ ಟೇಬಲ್ ಫ್ಯಾನ್ ಒಂದು ಸಣ್ಣಗೆ ತಿರುಗಿಸಿಡ್ತೀನಿ. ದೀಪಕ್ಕೂ ಫ್ಯಾನು, ನಮಗೆ ಸೆಖೆಯಲ್ಲಿ ಹಾಸಿಗೆ ಅಂತ ಅದಕ್ಕೂ ಒಂದು ತಕರಾರು ಬಂದಿದೆ. ಬರಲಿ.

ನೀವು ಕೇಳಬಹುದು, ಇಷ್ಟೆಲ್ಲ ಇಳಿದರೆ ಕಣ್ಣಿಗೇ ಗೊತ್ತಾಗೋಲ್ವಾ, ಮೊಬೈಲ್ ಯಾಕೆ ಬೇಕು ಅಂತ. ಗೊತ್ತಾಗೋಲ್ಲ ಮೇಷ್ಟ್ರೇ! ನಮ್ಮ ಕಣ್ಣು ಬಲು ಹೊಂದಾಣಿಕೆಯದು. ಬೆಳಕು ನಾಲ್ಕರಲ್ಲೊಂದು ಪಾಲಿಗೆ ಇಳಿದರೆ ಅದಕ್ಕೆ ಸುಮಾರು ಅರ್ಧ ಆಯ್ತೇನೋ ಅನ್ನಿಸುತ್ತೆ, ಅದೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ. ನಿಧಾನಕ್ಕೆ ಇಳಿಯುತ್ತಾ ಹೋದರಂತೂ ಪಾಪೆ ಅಗಲಿಸಿಕೊಂಡು ಸುಮ್ಮನಿದ್ದುಬಿಡುತ್ತೆ. ಪೂರ್ತಿ ಕತ್ತಲಿಗೆ ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತೆ. ಆ ತಪಸ್ಸನ್ನು ಪಕ್ಕದವನ 400 ಲ್ಯೂಮೆನ್ ಒಂದೇ ಕ್ಷಣದಲ್ಲಿ ಕೆಡಿಸುತ್ತೆ ಅನ್ನೋದು ಬೇರೆ ಮಾತು.

ಪಕ್ಕದವರು ಅಂದಾಗ ನೆನಪಾಯ್ತು. ಸ್ಕಂದಗಿರಿಗೆ ಸೂರ್ಯೋದಯ ನೋಡೋಕೆ ಬೆಳಗಿನ ಜಾವ ಹತ್ತುವವರ ಸಾಲು ನೋಡಿದ್ದೀರಲ್ಲ? ಮುಂದಿನವರು ತಿರುಗಿ ‘ಏನಂದ್ರಿ?’ ಅಂತ ಕೇಳ್ತಾರೆ, ಹಿಂದಿನವರ ಕಣ್ಣು ಹೋಯ್ತು. ಹಣೆಗೆ ದೀಪ ಕಟ್ಟಿಕೊಂಡವರ ಜೊತೆ ಮುಖ ನೋಡಿ ಮಾತಾಡೋದೇ ಕಷ್ಟ. ಪಳಗಿದವರು ಮಾತಾಡುವಾಗ ಕೈ ಎತ್ತಿ ದೀಪ ಮುಚ್ಚಿಕೊಳ್ತಾರೆ. ದೂರದಿಂದ ನೋಡಿದರೆ ಎಲ್ಲರೂ ಹಣೆ ಹಣೆ ಚಚ್ಚಿಕೊಂಡು ಮಾತಾಡ್ತಿದ್ದಾರೆ ಅನ್ನಿಸುತ್ತೆ.

ಅಷ್ಟಕ್ಕೂ ನಡೆಯೋಕೆ ಎಷ್ಟು ಬೆಳಕು ಬೇಕು ಅಂತೀರಿ? ಕಾಲುದಾರಿ ಸ್ಪಷ್ಟವಾಗಿದ್ದರೆ 30ರಿಂದ 50 ಲ್ಯೂಮೆನ್ ಧಾರಾಳ. ಟೆಂಟಿನೊಳಗೆ ಐದು ಹತ್ತು ಇದ್ದರೆ ಪುಸ್ತಕ ಓದಬಹುದು. ನೂರು ಇನ್ನೂರು ಬೇಕಾಗೋದು ದಾರಿ ತಪ್ಪಿದಾಗ, ಹಳ್ಳ ದಾಟುವಾಗ, ಅದೂ ಕ್ಷಣಹೊತ್ತು. ಅಂದರೆ ತಯಾರಕ 400ರಿಂದ ಕದ್ದು ಇಳಿಸಿದ ಆ 50 ಇದೆಯಲ್ಲ, ನಮಗೆ ಬೇಕಾದದ್ದೇ ಅದು! ಹಾಗಾಗಿ ನಾನು ಗಂಟೆ ಅಳೆಯೋದು ಬೆಳಕಿನ ಮಧ್ಯದ ಮೆಟ್ಟಿಲಿನಲ್ಲಿ, ಮೇಲಿನದರಲ್ಲಿ ಅಲ್ಲ. ಅಲ್ಲಿ ಮಾತ್ರ ನಾಲ್ಕೈದು ತಾಸು ಒಂದೇ ಸಮ ಉರಿದರೆ ಆ ದೀಪಕ್ಕೆ ನನ್ನ ಕಡೆಯಿಂದ ಪಾಸು.

ಊರ ಕಡೆಯವರಿಗೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಕೊಟ್ಟಾಗ ತೋಟಕ್ಕೆ ನೀರು ಬಿಡೋಕೆ ಹೋಗಬೇಕಲ್ಲ, ಸಂತೆಯಲ್ಲಿ ಕೊಂಡ ಹೆಡ್‌ಲೈಟ್ ಹಣೆಗೇರಿಸಿ ಹೊರಡ್ತಾರೆ. ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದು ಕೈಯಲ್ಲಿ ಕೋಲು, ದೀಪಕ್ಕೆ ಮೂರನೇ ಕೈ ಎಲ್ಲಿಂದ ತರ್ತಾರೆ? ಆ ಡಬ್ಬಿಗಳ ಮೇಲೆ ಬರೆದಿರೋ ಲ್ಯೂಮೆನ್ ನಂಬಿದರೆ ಒಂದೊಂದು ತೋಟವೂ ಕ್ರಿಕೆಟ್ ಸ್ಟೇಡಿಯಂ ಆಗಬೇಕಿತ್ತು. ಅವರು ಅದನ್ನು ಓದೋದೇ ಇಲ್ಲ. ಅಡಿಕೆಮರದ ಬುಡ ಕಾಣುತ್ತಾ, ಎರಡು ರಾತ್ರಿ ಬರುತ್ತಾ, ಅಷ್ಟೇ ಕೇಳೋದು.

ಮೊದಲೆಲ್ಲ ಇಂಥ ದೀಪಕ್ಕೆ ಬ್ಯಾಟರಿ ಸೊಂಟದಲ್ಲಿ, ಬಲ್ಬು ಹಣೆಯಲ್ಲಿ, ನಡುವೆ ಬೆನ್ನ ಮೇಲೆ ತಂತಿ. ಬಳ್ಳಿಗೆ ಸಿಕ್ಕಿಕೊಂಡರೆ ಅಲ್ಲೇ ನಿಂತು ಬಿಡಿಸಿಕೊಳ್ಳಬೇಕು. ಫ್ರಾನ್ಸಿನಲ್ಲಿ ಫೆರ್ನಾಂಡ್ ಪೆಟ್ಸ್‌ಲ್ ಅಂತ ಗುಹೆಗಳಿಗೆ ಇಳಿಯೋ ಗೀಳಿನ ಮನುಷ್ಯ ಇದ್ದ. ಅವನ ಮನೆಯವರೇ 1970ರ ದಶಕದಲ್ಲಿ ಬಲ್ಬು ಬ್ಯಾಟರಿ ಎರಡನ್ನೂ ತಲೆಯ ಪಟ್ಟಿಗೇ ಏರಿಸಿದ್ದು. 2000ದಲ್ಲಿ ಅದೇ ಕಂಪನಿಯ ಟಿಕ್ಕಾ ಬಂತು, ಎಲ್‌ಇಡಿಯದು, ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು. ಅಲ್ಲಿಂದ ಈಚೆಗೆ ಗ್ರಾಂ ಲೆಕ್ಕದ ಪೈಪೋಟಿ. ಅವರದೇ ಬಿಂದಿ ಅನ್ನೋದು 35 ಗ್ರಾಂ, 200 ಲ್ಯೂಮೆನ್.

ಈ ಗ್ರಾಂ ಹುಚ್ಚಿನವರನ್ನು ನೀವು ನೋಡಬೇಕು. ಹಲ್ಲುಜ್ಜೋ ಬ್ರಶ್ಶಿನ ಹಿಡಿ ಗರಗಸದಲ್ಲಿ ಕೊಯ್ದಿರ್ತಾರೆ. ದೀಪದ ಅಗಲದ ಪಟ್ಟಿ ಕಿತ್ತೆಸೆದು ತೆಳ್ಳನೆ ಎಲಾಸ್ಟಿಕ್ ದಾರ ಪೋಣಿಸ್ತಾರೆ, ಹತ್ತು ಹದಿನೈದು ಗ್ರಾಂ ಉಳಿತಾಯ ಅಂತ. ಬೆಳಗ್ಗೆ ಎದ್ದರೆ ಹಣೆಯ ಮೇಲೆ ಎರಡು ಗೆರೆ ಮೂಡಿರುತ್ತೆ, ಪಕ್ಕಾ ವಿಭೂತಿ. ಅದೇ ಜನ ಬ್ಯಾಗಿನ ತಳದಲ್ಲಿ ಪುಳಿಯೋಗರೆ ಡಬ್ಬ, ಎರಡು ಪೊಟ್ಟಣ ಚಕ್ಕುಲಿ, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಹೊತ್ತಿರ್ತಾರೆ. ಮೇಲಿಂದ ದೀಪ ಚಾರ್ಜ್ ಮಾಡೋಕೆ 200 ಗ್ರಾಂ ತೂಗೋ ಪವರ್ ಬ್ಯಾಂಕು! ಸಣ್ಣ ಪೆನ್ಸಿಲ್ ಸೆಲ್ ಮೂರು ಹಾಕೋ ದೀಪ ಮೂವತ್ತು ನಲವತ್ತು ಗ್ರಾಂ ಜಾಸ್ತಿ ತೂಗಬಹುದು, ಆದರೆ ಟಿವಿ ರಿಮೋಟಿನ ಸೆಲ್ ಯಾವ ಗೂಡಂಗಡಿಯಲ್ಲೂ ಸಿಗುತ್ತೆ ಅಂತ ಹೇಳಿದರೆ ಕೋಪ ಬರುತ್ತೆ ಅವರಿಗೆ.

ಹಣೆಯ ದೀಪದಿಂದ ಒಂದು ಲಾಭ ಉಂಟು, ಅದನ್ನು ಯಾವ ಡಬ್ಬಿಯಲ್ಲೂ ಬರೆದಿರೋಲ್ಲ. ಮಲೆನಾಡಿನಲ್ಲಿ ರಾತ್ರಿ ಹುಲ್ಲಿನ ಮೇಲೆ ಬೆಳಕು ಹಾಯಿಸಿ ನೋಡಿ, ಅಲ್ಲಲ್ಲಿ ಹಸಿರುನೀಲಿ ಚುಕ್ಕಿಗಳು ಮಿಣಕ್ ಮಿಣಕ್ ಅಂತವೆ. ಇಬ್ಬನಿ ಅಂದುಕೊಂಡು ಹತ್ತಿರ ಹೋದರೆ ಚುಕ್ಕಿ ಓಡುತ್ತೆ. ಜೇಡ! ಬಲೆ ಕಟ್ಟದೇ ನೆಲದ ಮೇಲೆ ಬೇಟೆಯಾಡೋ ಜೇಡಗಳ ಕಣ್ಣಿನ ಹಿಂದೆ ಕನ್ನಡಿ ಪದರ ಇರುತ್ತೆ, ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ. ದೀಪ ನಮ್ಮ ಕಣ್ಣಿನ ಪಕ್ಕದಲ್ಲೇ ಇದ್ದರೆ ಮಾತ್ರ ಅದು ಕಾಣೋದು, ಸೊಂಟದ ಹತ್ತಿರ ಹಿಡಿದರೆ ಒಂದೂ ಕಾಣೋಲ್ಲ. ಒಂದು ಗದ್ದೆ ಬದುವಿನಲ್ಲಿ ಎಷ್ಟು ಕಣ್ಣು ನಮ್ಮನ್ನು ನೋಡ್ತಿರುತ್ತವೆ ಅಂತ ಗೊತ್ತಾದ ಮೇಲೆ ಬರಿಗಾಲಲ್ಲಿ ಹೋಗೋರು ಕಡಿಮೆ.

ಮಂಜು ಕವಿದಾಗ ಅದೇ ಲಾಭ ನಷ್ಟ ಆಗುತ್ತೆ. ಮಂಜಿನ ಹನಿಗಳಿಗೆ ಬಡಿದ ಬೆಳಕೂ ಹಾಗೇ ವಾಪಸ್ ಬಂದು ಕಣ್ಣಿಗೇ ರಾಚುತ್ತೆ. ಜಾಸ್ತಿ ಮಾಡಿದಷ್ಟೂ ಎದುರಿಗೆ ಬಿಳೀ ಗೋಡೆ. ಆಗ ದೀಪ ಬಿಚ್ಚಿ ಸೊಂಟದ ಎತ್ತರಕ್ಕೆ ಹಿಡಿದು, ಬೆಳಕು ಕಡಿಮೆ ಮಾಡಬೇಕು. ದಾರಿಯ ಕಲ್ಲುಗಳ ನೆರಳೂ ಉದ್ದಕ್ಕೆ ಬಿದ್ದು ಏರುತಗ್ಗು ಚೆನ್ನಾಗಿ ತಿಳಿಯುತ್ತೆ. ಅಲ್ಲಿಗೆ ನಾವು ಹಣೆಗೆ ಕಟ್ಟೋ ದೀಪಕ್ಕೆ ಅಷ್ಟೊಂದು ದುಡ್ಡು ಸುರಿದು, ಕೊನೆಗೆ ದೊಡ್ಡಪ್ಪನ ಹಾಗೇ ಕೈಯಲ್ಲಿ ಹಿಡಿದು ನಡೆದಂತಾಯ್ತು, ಅಲ್ವಾ?

ಮಳೆಯ ವಿಷಯ ಬಿಡಿ, ಐಪಿಎಕ್ಸ್4 ಅಂದರೆ ನೀರು ಸಿಡಿದರೆ ಪರವಾಗಿಲ್ಲ ಅಂತ. ಆಷಾಢದ ಆಗುಂಬೆಯಲ್ಲಿ ನೀರು ಸಿಡಿಯೋಲ್ಲ, ಸುರಿಯುತ್ತೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯೋ ಐಪಿಎಕ್ಸ್7 ಇದ್ದರೆ ನೆಮ್ಮದಿ. ಇನ್ನು ಹಿಮಾಲಯಕ್ಕೆ ಹೋಗೋರಿಗೆ ಚಳಿಯ ಪರೀಕ್ಷೆ. ಅದನ್ನೂ ಮಾಡಿದ್ದೀನಿ, ಫ್ರೀಜರಿನಲ್ಲಿ, ಬಟಾಣಿ ಪೊಟ್ಟಣದ ಪಕ್ಕ. ಚಳಿಗೆ ಸೆಲ್ಲಿನೊಳಗಿನ ಓಡಾಟ ಮಂದವಾಗಿ ಗಂಟೆ ಇಳಿಯುತ್ತೆ. ಆದರೆ ಬೆಟ್ಟದಲ್ಲಿ ಉಪಾಯ ಸುಲಭ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಜೊತೆಗೇ ಮಲಗಿಸಿಕೊಂಡರಾಯ್ತು. ಸೊನ್ನೆ ಡಿಗ್ರಿ ಕೆಳಗೆ ಲಿಥಿಯಂ ಸೆಲ್ಲನ್ನು ಚಾರ್ಜ್ ಮಾತ್ರ ಮಾಡಬಾರದು, ಕೆಡುತ್ತೆ. ‘ಫ್ರೀಜರಿನಿಂದ ಬೆಳಕು ಬರ್ತಿದೆ, ಕದ ಸರಿಯಾಗಿ ಹಾಕಿಲ್ವಾ?’ ಅಂತ ಕೆಲಸದವಳು ಗಾಬರಿಯಾಗಿದ್ದಳು ಪಾಪ.

ಇಷ್ಟೆಲ್ಲ ಪರೀಕ್ಷೆ ಒಂದು ತೂಕವಾದರೆ ನನಗೆ ಮುಖ್ಯ ಅನ್ನಿಸೋ ಪರೀಕ್ಷೆ ಇನ್ನೊಂದಿದೆ, ದೀಪ ಹೇಗೆ ಆರುತ್ತೆ ಅನ್ನೋದು. ದೊಡ್ಡಪ್ಪನ ಬ್ಯಾಟ್ರಿ ಬಿಳಿಯಿಂದ ಹಳದಿ, ಹಳದಿಯಿಂದ ಕೆಂಪು ಅಂತ ವಾರಗಟ್ಟಲೆ ನೋಟಿಸ್ ಕೊಟ್ಟು ಹೋಗ್ತಿತ್ತು. ಎಲ್‌ಇಡಿಗೆ ಬಣ್ಣ ಬದಲಾಯಿಸೋ ಅಭ್ಯಾಸ ಇಲ್ಲ. ಒಳಗಿನ ಸರ್ಕ್ಯೂಟು ಕೊನೆಯವರೆಗೂ ಬೆಳಕನ್ನು ಒಂದೇ ಸಮ ಇಟ್ಟು, ಸೆಲ್ 3 ವೋಲ್ಟಿನ ಹತ್ತಿರ ಬಂದ ಕೂಡಲೇ ಅದು ಹಾಳಾಗದಿರಲಿ ಅಂತ ಪಟ್ಟನೆ ಕಡಿದುಬಿಡುತ್ತೆ. ಸೆಲ್ಲಿಗೆ ಒಳ್ಳೇದೇ, ಕಾಲು ಎತ್ತಿ ಮುಂದಿನ ಕಲ್ಲಿನ ಮೇಲೆ ಇಡುತ್ತಿದ್ದವರಿಗೆ? ಕುಮಾರ ಪರ್ವತದಿಂದ ಇಳಿಯುವಾಗ ಗಿರಿಗದ್ದೆಯ ಭಟ್ಟರ ಮನೆ ದಾಟಿ ಕೆಳಗಿನ ಕಾಡು ಸಿಕ್ಕುತ್ತಲ್ಲ, ಬೇರುಗಳದೇ ಮೆಟ್ಟಿಲು. ಅಲ್ಲಿ ಹೊತ್ತು ಮುಳುಗಿದ ಮೇಲೆ ನಮ್ಮ ಗುಂಪಿನ ಹುಡುಗನೊಬ್ಬನ ದೀಪ ಹೀಗೇ ಫಕ್ಕನೆ ಹೋಯ್ತು. ಅದಕ್ಕೆ ಅರ್ಧ ನಿಮಿಷ ಮುಂಚೆಯಷ್ಟೇ ಅವನು ‘ನನ್ನದು ನೋಡಿ, ಮೊದಲಿದ್ದಷ್ಟೇ ಬ್ರೈಟ್’ ಅಂತ ಎಲ್ಲರಿಗೂ ತೋರಿಸ್ತಿದ್ದ.

ಅದಕ್ಕೇ ಉಗ್ರಾಣದ ಗ್ರಾಫಿನಲ್ಲಿ ನಾನು ನೋಡೋದು ಕೊನೆಯ ಅರ್ಧ ಗಂಟೆ. ಒಳ್ಳೆಯ ದೀಪಗಳು ಮೊದಲೇ ಎರಡು ಸಲ ಕಣ್ಣು ಮಿಟುಕಿಸುತ್ತವೆ, ಇಲ್ಲವೇ ಸಣ್ಣದೊಂದು ಉಳಿಕೆ ಬೆಳಕಿಗೆ ಇಳಿದು, ಅದರಲ್ಲೇ ಇನ್ನೊಂದಷ್ಟು ಹೊತ್ತು ನಡೆಸುತ್ತವೆ. ಗ್ರಾಫಿನ ತುದಿಯಲ್ಲಿ ಅಂಥದೊಂದು ಮೆಟ್ಟಿಲು ಕಂಡರೆ ಸಾಕು, ಲ್ಯೂಮೆನ್ನು ನೂರು ಕಡಿಮೆ ಇದ್ದರೂ ನಾನು ಅದನ್ನೇ ಒಯ್ಯೋದು. ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ, ‘ಇದು ಹೋಗೋ ಮುಂಚೆ ಏನು ಮಾಡುತ್ತೆ?’ ಅಂತ. ಹುಡುಗ ನಿಮ್ಮನ್ನೇ ಒಂಥರಾ ನೋಡ್ತಾನೆ.

ಇನ್ನೂ ಒಂದು ಮಾತು, ಬೆಟ್ಟ ತಿರುಗಿದವರೆಲ್ಲ ಹೇಳೋದು. ದೀಪ ಎಷ್ಟೇ ಒಳ್ಳೇದಿರಲಿ, ಎರಡು ಇಟ್ಟುಕೊಳ್ಳಿ ಅಂತ. ಒಂದು ಹಣೆಗೆ, ಇನ್ನೊಂದು ಪುಟಾಣಿ, ಜೇಬಿಗೆ. ಎರಡು ಹಗುರದ್ದು ಸೇರಿದರೆ ಒಂದು ಭಾರದ್ದೇ ಆಯ್ತಲ್ಲ, ಮತ್ತೆ ಹಗುರದ್ದಕ್ಕೆ ಯಾಕೆ ಅಷ್ಟು ದುಡ್ಡು ಅಂತೀರಾ? ಗಣಿತದ ಮೇಷ್ಟ್ರು ನೀವು, ಕೇಳ್ತೀರಿ ಅಂತ ಗೊತ್ತಿತ್ತು. ಆಯ್ತು, ಒಪ್ಪಿದೆ, ತೂಕ ಅಲ್ಲಿಗಲ್ಲಿಗೆ ಸಮ. ಆದರೆ ಎರಡೂ ಸೇರಿ ಒಂದೇ ನಿಮಿಷಕ್ಕೆ ಕೈಕೊಡೋಲ್ಲವಲ್ಲ. ಜಾಸ್ತಿಯಾದ 40 ಗ್ರಾಮನ್ನು ಎಲ್ಲಾದರೂ ಇಳಿಸಲೇಬೇಕು ಅಂದರೆ ಚಕ್ಕುಲಿಯಲ್ಲಿ ಇಳಿಸಬಹುದು. ಅದಕ್ಕೆ ನೀವು ಒಪ್ತೀರಾ ಹೇಳಿ, ನಾನಂತೂ ಒಪ್ಪೋಲ್ಲ.